ಹಗಲು ಟೆಸ್ಟ್, ಸಂಜೆ ಫುಟ್‌ಬಾಲ್: ಒಂದೇ ದಿನ ಎರಡನ್ನೂ ನೋಡಬಹುದೇ?

ಪ್ರಶ್ನೆ:
ಟೆಸ್ಟ್ ಪಂದ್ಯವೊಂದರ ಮೊದಲ ದಿನದ ಟಿಕೆಟ್ ನನ್ನ ಬಳಿ ಇದೆ. ಆಟ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಸಂಜೆ ಐದಕ್ಕೆ ಮುಗಿಯಬೇಕು. ಅದೇ ದಿನ ಸಂಜೆ ಏಳಕ್ಕೆ ಅದೇ ನಗರದ ಮತ್ತೊಂದು ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನಾಕೌಟ್ ಪಂದ್ಯವಿದ್ದು, ಅದರ ಟಿಕೆಟ್ ಕೂಡ ಸಿಗುವಂತಿದೆ. ಎರಡರ ನಡುವೆ ಮೆಟ್ರೊದಲ್ಲಿ ಮುಕ್ಕಾಲು ಗಂಟೆಯ ಹಾದಿ. ಲೆಕ್ಕಕ್ಕೆ ಎಲ್ಲವೂ ಸರಿಹೋಗುತ್ತದೆಯಾದರೂ, ಎರಡು ಆಟಗಳ ಆಸೆಗೆ ಬಿದ್ದು ಎರಡೂ ಅರೆಬರೆಯಾದೀತೇ ಎಂಬ ಅನುಮಾನ ಕಾಡುತ್ತಿದೆ. ಹೀಗೆ ಒಂದೇ ದಿನ ಎರಡು ಬೇರೆ ಬೇರೆ ಕ್ರೀಡೆಗಳನ್ನು ಮೈದಾನದಲ್ಲೇ ಕುಳಿತು ನೋಡಿದವರಿದ್ದರೆ, ಕ್ರಿಕೆಟ್‌ನಿಂದ ಯಾವ ಹೊತ್ತಿಗೆ ಏಳುವುದು ಸರಿ ಎಂಬುದನ್ನು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 1:
ನಿಮ್ಮ ಲೆಕ್ಕ ದೂರವನ್ನು ಗಮನಿಸಿದೆ, ಆಟ ಮುಗಿಯುವ ಹೊತ್ತನ್ನು ಅಷ್ಟಾಗಿ ಗಮನಿಸಿಲ್ಲ. ತಲಾ ಎರಡು ಗಂಟೆಯ ಮೂರು ಅವಧಿಗಳು, ನಲವತ್ತು ನಿಮಿಷದ ಊಟದ ವಿರಾಮ, ಇಪ್ಪತ್ತು ನಿಮಿಷದ ಚಹಾ ವಿರಾಮ ಸೇರಿದರೆ ಹತ್ತಕ್ಕೆ ಆರಂಭವಾದ ಆಟಕ್ಕೆ ಸಂಜೆ ಐದಾಗುವುದು ನಿಜ. ಆದರೆ ದಿನಕ್ಕೆ 90 ಓವರ್‌ಗಳು ಆಗಬೇಕೆಂಬ ನಿಯಮವಿರುವುದರಿಂದ, ಬೌಲಿಂಗ್ ನಿಧಾನವಾದಾಗ ಆಟವನ್ನು ಇನ್ನರ್ಧ ಗಂಟೆ ಎಳೆಯುತ್ತಾರೆ, ಮತ್ತು ಈಚಿನ ವರ್ಷಗಳಲ್ಲಿ ಬೌಲಿಂಗ್ ನಿಧಾನವಾಗದ ದಿನಗಳೇ ಅಪರೂಪ. ಐದೂವರೆಗೆ ಆಟ ನಿಂತಿತೆನ್ನಿ. ಇಡೀ ಗ್ಯಾಲರಿ ಒಮ್ಮೆಲೇ ಎದ್ದು ಮೆಟ್ಟಿಲಿಗೆ ನುಗ್ಗುತ್ತದೆ, ಅದೇ ಜನ ಮತ್ತೆ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಸಿಗುತ್ತಾರೆ. ಅಲ್ಲಿಂದ ಮುಕ್ಕಾಲು ಗಂಟೆ, ಆಮೇಲೆ ಫುಟ್‌ಬಾಲ್ ಗೇಟಿನ ತಪಾಸಣೆಯ ಸಾಲು. ಕಿಕ್‌ಆಫ್ ತಪ್ಪುವುದು ಬಹುಮಟ್ಟಿಗೆ ಖಚಿತ.

ಆದ್ದರಿಂದ ಚಹಾ ವಿರಾಮಕ್ಕೇ ಎದ್ದುಬಿಡಿ ಎಂಬುದು ನನ್ನ ಸಲಹೆ. ನಿಮ್ಮ ಮೊದಲ ಆಟ ಟೆನಿಸ್ ಆಗಿರದಿದ್ದುದು ಪುಣ್ಯ. ಅಲ್ಲಿ ಗಡಿಯಾರಕ್ಕೆ ಬೆಲೆಯೇ ಇಲ್ಲ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹುಟ್ ನಡುವಿನ ಒಂದೇ ಪಂದ್ಯ ಮೂರು ದಿನಗಳಿಗೆ ಹರಡಿ 11 ಗಂಟೆ 5 ನಿಮಿಷ ನಡೆದಿತ್ತು.

ಪ್ರತಿಕ್ರಿಯೆ 2:
ಮೇಲಿನವರ ಲೆಕ್ಕಾಚಾರವನ್ನು ಒಪ್ಪುತ್ತೇನೆ, ಚಹಾ ವಿರಾಮಕ್ಕೆ ಏಳಬೇಕೆಂಬ ತೀರ್ಮಾನವನ್ನಲ್ಲ. ಮೊದಲು ಬ್ಯಾಟ್ ಮಾಡಿದ ತಂಡ ದಿನವಿಡೀ ನಿಂತರೆ, 80 ಓವರ್‌ಗಳ ಬಳಿಕ ಬೌಲಿಂಗ್ ತಂಡಕ್ಕೆ ಎರಡನೇ ಹೊಸ ಚೆಂಡು ಸಿಗುತ್ತದೆ. ಬ್ಯಾಟರ್‌ನ ಹಿಂದೆ ಸ್ಲಿಪ್‌ನಲ್ಲಿ ಕ್ಯಾಚ್‌ಗಾಗಿ ಮತ್ತೆ ಮೂವರು ಬಂದು ನಿಲ್ಲುತ್ತಾರೆ, ಮಧ್ಯಾಹ್ನವೆಲ್ಲ ಬೌಂಡರಿಯ ಬಳಿ ಸುಮ್ಮನೆ ನಿಂತಿದ್ದ ವೇಗಿ ತೋಳು ತಿರುಗಿಸುತ್ತ ಬರುತ್ತಾನೆ, ಶತಕ ಹೊಡೆದವನೂ ಚೆಂಡು ಬಿಡಲು ಮತ್ತೆ ಕಲಿಯಬೇಕಾಗುತ್ತದೆ. ಮೊದಲ ದಿನದ ತಿರುಳೇ ಈ ಅರ್ಧ ಗಂಟೆ. ಅದನ್ನು ಬಿಟ್ಟು ಎದ್ದು ಹೋಗುವವರು ಬೆಳಿಗ್ಗೆ ಬಂದದ್ದಾದರೂ ಏಕೆ?

ಗಡಿಯಾರದಲ್ಲಿ ಐದಾದೊಡನೆ, ಎಷ್ಟೇ ಓವರ್‌ಗಳು ಉಳಿದಿದ್ದರೂ, ಏಳಿ. ಆ ಹೊತ್ತಿಗೆ ಹೊಸ ಚೆಂಡಿನ ಒಂದೆರಡು ಓವರ್‌ಗಳನ್ನಾದರೂ ಬಹುಶಃ ನೋಡಿರುತ್ತೀರಿ, ಗುಂಪು ಇನ್ನೂ ಎದ್ದಿರುವುದಿಲ್ಲ. ಟೆಸ್ಟ್ ಆಟದ ಒಂದು ಸೌಲಭ್ಯವೆಂದರೆ, ನಡುವೆ ಎದ್ದು ಬಂದರೂ ಕಂಡಷ್ಟು ಭಾಗ ಪೂರ್ಣವಾಗಿಯೇ ಉಳಿಯುತ್ತದೆ; ಫುಟ್‌ಬಾಲ್‌ನಲ್ಲಿ ಎಂಬತ್ತನೇ ನಿಮಿಷಕ್ಕೆ ಎದ್ದವನಿಗೆ ಆ ಸಮಾಧಾನವಿಲ್ಲ. ಹಾಗಾಗಿ ನಿಮ್ಮ ಸರದಿ, ಅಂದರೆ ಮೊದಲು ಕ್ರಿಕೆಟ್, ಆಮೇಲೆ ಫುಟ್‌ಬಾಲ್ ಎಂಬುದು, ಸರಿಯಾಗಿಯೇ ಇದೆ.

ನೋಡುವುದಿರಲಿ, ಇದೇ ಸರದಿಯಲ್ಲಿ ಎರಡನ್ನೂ ಆಡಿದವರೊಬ್ಬರಿದ್ದಾರೆ. 1975ರ ಸೆಪ್ಟೆಂಬರ್ 15ರಂದು ಕ್ರಿಸ್ ಬಾಲ್ಡರ್‌ಸ್ಟೋನ್ ಇಂಗ್ಲೆಂಡ್‌ನ ಚೆಸ್ಟರ್‌ಫೀಲ್ಡ್‌ನಲ್ಲಿ ಲೀಸ್ಟರ್‌ಶೈರ್ ಕೌಂಟಿ ಕ್ರಿಕೆಟ್ ತಂಡದ ಪರ ಔಟಾಗದೆ 51 ರನ್ ಗಳಿಸಿ, ಸಂಜೆ ಡಾನ್‌ಕಾಸ್ಟರ್ ರೋವರ್ಸ್ ಪರ ಫುಟ್‌ಬಾಲ್ ಪಂದ್ಯ ಆಡಿ, ಮರುದಿನ ಬೆಳಿಗ್ಗೆ ಮರಳಿ ಬಂದು ಶತಕ ಪೂರೈಸಿದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಐದಕ್ಕೆ ಏಳುವುದೆಂದು ನಿರ್ಧರಿಸಿದ್ದೇನೆ. ಫುಟ್‌ಬಾಲ್ ಎಷ್ಟು ಹೊತ್ತಿಗೆ ಮುಗಿಯಬಹುದು, ಮತ್ತು ದಿನವಿಡೀ ಹೊತ್ತ ಬ್ಯಾಗನ್ನು ಅಲ್ಲಿ ಒಳಗೆ ಬಿಡುತ್ತಾರೆಯೇ?

ಪ್ರತಿಕ್ರಿಯೆ 3:
ನಿಗದಿತ ಅವಧಿಯಲ್ಲೇ ತೀರ್ಮಾನವಾದರೆ ಒಂಬತ್ತರ ಒಳಗೋ ಹೊರಗೋ ಮುಗಿಯುತ್ತದೆ. ಸಮವಾದರೆ ಮೂವತ್ತು ನಿಮಿಷದ ಹೆಚ್ಚುವರಿ ಆಟ, ಆಮೇಲೂ ಸಮವಿದ್ದರೆ ಪೆನಾಲ್ಟಿ. ಹಾಗಾಗಿ ಮನೆಗೆ ಮರಳುವ ವ್ಯವಸ್ಥೆಯನ್ನು ಹತ್ತು ಗಂಟೆಯ ಲೆಕ್ಕದಲ್ಲೇ ಮಾಡಿಕೊಳ್ಳಿ.

ಬ್ಯಾಗಿನ ವಿಷಯದಲ್ಲಿ ಎರಡು ಕ್ರೀಡಾಂಗಣಗಳ ನಿಯಮಗಳನ್ನೂ ಮೊದಲೇ ಓದಿ, ಯಾವುದು ಹೆಚ್ಚು ಬಿಗಿಯೋ ಅದರಂತೆ ಬೆಳಿಗ್ಗೆಯೇ ಸಿದ್ಧರಾಗಿ. ಟೆಸ್ಟ್‌ಗೆ ಬಿಡುವಷ್ಟು ದೊಡ್ಡ ಬ್ಯಾಗನ್ನು ಅನೇಕ ಫುಟ್‌ಬಾಲ್ ಗೇಟುಗಳಲ್ಲಿ ಬಿಡುವುದಿಲ್ಲ, ಅದನ್ನು ಇಟ್ಟುಹೋಗಲು ಜಾಗವೂ ಎಲ್ಲ ಕಡೆ ಇರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಮೊಬೈಲ್. ಸಂಜೆಯ ಟಿಕೆಟ್ ಅದರಲ್ಲೇ ಇದ್ದು, ಹಗಲೆಲ್ಲ ಫೋಟೊ ತೆಗೆದು ಬ್ಯಾಟರಿ ಖಾಲಿಯಾಗಿದ್ದರೆ, ಕಾಸು ಕೊಟ್ಟ ಟಿಕೆಟನ್ನು ಗೇಟಿನಲ್ಲಿ ತೋರಿಸಲಾಗದೆ ನಿಲ್ಲಬೇಕಾಗುತ್ತದೆ. ಕೆಲವೆಡೆ ಪವರ್ ಬ್ಯಾಂಕನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ, ಸಾಧ್ಯವಿದ್ದರೆ ಟಿಕೆಟನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮೊಬೈಲ್ ಟಿಕೆಟ್ ಮಾತ್ರ ನಡೆಯುತ್ತದೆ ಎಂದಿದ್ದರೆ, ಊಟದ ವಿರಾಮದ ನಂತರ ಫೋಟೊ ತೆಗೆಯುವುದನ್ನು ನಿಲ್ಲಿಸಿ.