ಶೆಟ್ಟಿಹಳ್ಳಿ ಚರ್ಚ್‌ಗೆ ಅಪ್ಪನ್ನ ಕರ್ಕೊಂಡು ಹೋಗೋಕೆ ಯಾವ ತಿಂಗಳು ಸರಿ?

ಮೇಸ್ತ್ರಿ ಮಗ, ಚಿಕ್ಕಮಗಳೂರು
ಅಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಈಗ ಮಂಡಿನೋವು, ಮನೆ ಬಿಟ್ಟು ಹೊರಡೋದೇ ಇಲ್ಲ. ಮೊನ್ನೆ ನನ್ನ ಮೊಬೈಲಲ್ಲಿ ಶೆಟ್ಟಿಹಳ್ಳಿ ಚರ್ಚ್ ಫೋಟೊ ಕಂಡು, "ಸೂರೇ ಇಲ್ಲ, ವರ್ಷಾ ವರ್ಷಾ ನೀರಲ್ಲಿ ಮುಳುಗುತ್ತೆ ಅಂತೀಯ, ಕಮಾನು ಹೆಂಗೋ ನಿಂತಿದೆ?" ಅಂತ ದೊಡ್ಡದು ಮಾಡಿ ಮಾಡಿ ನೋಡಿದ್ರು. ಅವರಾಗೇ ಬಾಯಿಬಿಟ್ಟು ಕರ್ಕೊಂಡು ಹೋಗು ಅಂದಿದ್ದು ಇದೇ ಮೊದಲು. ಗೋಡೆ ಮುಟ್ಟಿ ನೋಡ್ಬೇಕಂತೆ. ಯಾವಾಗ ಹೋದ್ರೆ ನೆಲ ಒಣಗಿರುತ್ತೆ? ತುಂಬಾ ನಡೀಬೇಕಾ?

ಹಾಸನದವ
ಫೆಬ್ರವರಿ ಕಳೆದ ಮೇಲೆ, ಮುಂಗಾರು ಶುರುವಾಗೋದ್ರೊಳಗೆ ಹೋಗಿ. ಹಾಸನದಿಂದ ಇಪ್ಪತ್ತು ಕಿ.ಮೀ. ಆಸುಪಾಸು. ಚರ್ಚ್ ಮುಳುಗೋದು ಹೇಮಾವತಿ ನದಿಯ ಗೊರೂರು ಅಣೆಕಟ್ಟೆ ಹಿನ್ನೀರಲ್ಲಿ, ಅದರ ಗರಿಷ್ಠ ಮಟ್ಟ 2922 ಅಡಿ. ಪೇಪರಲ್ಲಿ ಬರೋ ಮಟ್ಟ ಅದಕ್ಕಿಂತ ಚೆನ್ನಾಗಿ ಇಳಿದಿದೆಯಾ ನೋಡ್ಕೊಂಡು ಹೊರಡಿ. ತುಂಬಿದಾಗ ದಡದಿಂದಲೇ ನೋಡ್ಬೇಕು. ಬೇಸಿಗೇಲಿ ಗಾಡಿ ಹತ್ತಿರಕ್ಕೇ ಹೋಗುತ್ತೆ, ಆದರೆ ಕೆರೆಮಣ್ಣು ಹಸಿಯಿದ್ರೆ ಇಳಿಸಬೇಡಿ, ಚಕ್ರ ಹೂತುಕೊಳ್ಳುತ್ತೆ.

ಅಜ್ಜಿ ಊರು
ಅಣ್ಣಾ, ಅದು ನಮ್ಮಜ್ಜಿ ದೀಕ್ಷಾಸ್ನಾನ ಪಡೆದ ಚರ್ಚು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು, ಜಪಮಾಲೆ ಮಾತೆಯ ಹೆಸರಲ್ಲಿ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರೇ ಎದ್ದು ಹೋಯ್ತು. ಅಜ್ಜಿ ಇವತ್ತಿಗೂ ಅದನ್ನ ಮುಳುಗಿದ ಚರ್ಚ್ ಅನ್ನಲ್ಲ, "ನಮ್ಮ ದೇವಸ್ಥಾನ" ಅಂತಾರೆ. ಫೋಟೊಗೋಸ್ಕರ ಗೋಡೆ ಹತ್ತೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಈಗಾಗಲೇ ಗೋಡೆ ಬಿದ್ದ ಕಡೆಯೂ ಇದೆ. ನಿಮ್ಮಪ್ಪನಂಥೋರು ಬರಬೇಕು.

ಮೇಸ್ತ್ರಿ ಮಗ, ಚಿಕ್ಕಮಗಳೂರು
ಹೋಗಿ ಬಂದ್ವಿ. ಬೆಳಿಗ್ಗೆ ಐದಕ್ಕೇ ಹೊರಟು, ಬಿಸಿಲೇರೋ ಮುಂಚೆ ಅಲ್ಲಿದ್ವಿ. ಅಪ್ಪ ಮೊದಲು ಒಳಗೇ ಹೋಗ್ಲಿಲ್ಲ. ಕೋಲೂರಿ ಸುತ್ತ ಒಂದು ಸುತ್ತು ಬಂದು, ಬುಡದಲ್ಲಿ ಗಾರೆ ಎಲ್ಲೆಲ್ಲಿ ತೊಳೆದು ಹೋಗಿದೆ ಅಂತ ಬೆರಳಿಟ್ಟು ತೋರಿಸಿದ್ರು. ಆಮೇಲೆ ಕಮಾನಿನ ಕಡೆ ಮುಖ ಮಾಡಿ ನಿಂತ್ಕೊಂಡು, "ದುಂಡು ಕಮಾನು ಗೋಡೇನ ಪಕ್ಕಕ್ಕೆ ಜಾಸ್ತಿ ತಳ್ಳುತ್ತೆ. ಇದು ಚೂಪು. ಭಾರ ನೆಟ್ಟಗೆ ಕೆಳಗಿಳಿಸುತ್ತೆ, ಅದಕ್ಕೇ ಇಷ್ಟು ಎತ್ತರ ತಗೊಂಡು ಹೋಗಿದ್ದಾರೆ" ಅಂದ್ರು. ನಾನು ಓದಿದ್ದು ಇಂಜಿನಿಯರಿಂಗು. ಯಾರೂ ನನಗೆ ಅಷ್ಟು ಸಲೀಸಾಗಿ ಹೇಳಿರಲಿಲ್ಲ.

ಅವರಿಗೆ ನೋವಾಗಿದ್ದು ಒಂದೇ ವಿಷಯಕ್ಕೆ. ನೀರಲ್ಲೇ ಇದ್ದಿದ್ರೂ ಒಂದು ಲೆಕ್ಕ, ನೆನೆಯೋದು ಒಣಗೋದು, ನೆನೆಯೋದು ಒಣಗೋದು, ಸುಣ್ಣದ ಗಾರೆ ಎಷ್ಟು ವರ್ಷ ತಡೆಯುತ್ತೆ ಅಂತ. ಇಟ್ಟಿಗೆ ಸಂದಿಗೆ ಮತ್ತೆ ಸುಣ್ಣದ ಗಾರೇನೇ ತುಂಬಬೇಕು, ಸಿಮೆಂಟ್ ಹಾಕಿದ್ರೆ ಹಳೇ ಇಟ್ಟಿಗೆ ಹಾಳಾಗುತ್ತೆ ಅಂತ ದಾರಿಯುದ್ದಕ್ಕೂ ಹೇಳ್ತಾ ಬಂದ್ರು. ಕಮಾನಿನ ಕೆಳಗೆ ಮಾತ್ರ ನನ್ನನ್ನ ನಿಲ್ಲೋಕೇ ಬಿಡ್ಲಿಲ್ಲ.

@ಅಜ್ಜಿ ಊರು, ಅಪ್ಪನದೊಂದು ಪ್ರಶ್ನೆ ಇದೆ. ದೊಡ್ಡ ಬಾಗಿಲು ಯಾವ ಮರದ್ದಿತ್ತು, ಅಜ್ಜೀನ ಕೇಳಿ ಹೇಳ್ತೀರಾ?