ಸಹಾಯ ಬೇಕು: ಅಜ್ಜಿಯ ಕಲ್ಲುಬೆಂಚಿನ ಹೆಸರು ಮತ್ತೆ ಕೆತ್ತಿಸಬೇಕು (ಕೋಲಾರ)

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಯ ಜ್ಞಾಪಕಾರ್ಥವಾಗಿ ಅಪ್ಪ ನಮ್ಮ ಬಡಾವಣೆಯ ಪಾರ್ಕಿಗೆ ಕಲ್ಲುಬೆಂಚು ಕೊಡಿಸಿದ್ದರು. ಪಾರ್ಕಿಗೆ ಬಣ್ಣ ಬಳಿದವರು ಬೆಂಚಿಗೂ ಹಸಿರು ಪೇಂಟ್ ಹೊಡೆದುಬಿಟ್ಟಿದ್ದಾರೆ. ಅಕ್ಷರವೆಲ್ಲ ಮುಚ್ಚಿಹೋಗಿದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೆಸರಿನ ಕೊನೆಯ ‘ಮ್ಮ’ ಮಾತ್ರ ಕಾಣುತ್ತದೆ. ಅಪ್ಪ ದಿನಾ ಅದರ ಮೇಲೆ ಬೆರಳಾಡಿಸಿ ಸುಮ್ನೆ ಕೂತಿರುತ್ತಾರೆ. ನೋಡೋಕೆ ಆಗಲ್ಲ.

ಕಾಲು ಸಿಮೆಂಟಿನಲ್ಲಿ ಹೂತಿರುವುದರಿಂದ ಬೆಂಚು ಸಾಗಿಸಲಾಗದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರು ತುಂಬಾ ಜನ ಇದ್ದಾರಲ್ವಾ, ಅವರಲ್ಲಿ ಯಾರಾದರೂ ಇಲ್ಲಿಗೇ ಬಂದು ಕೆತ್ತಿಕೊಡುತ್ತಾರಾ? ಆ್ಯಸಿಡ್ ಹಾಕದೆ ಪೇಂಟ್ ತೆಗೆಯೋದು ಹೇಗೆ? ನಗರಸಭೆಗೆ ಅರ್ಜಿ ಕೊಡಬೇಕಾ?

ಪಕ್ಕದ ಬೆಂಚು ಒಬ್ಬ ಮೇಷ್ಟರ ನೆನಪಿನದು, ಅದಕ್ಕೂ ಇದೇ ಗತಿ. ಅವರ ಮನೆಯವರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಎರಡನ್ನೂ ಒಟ್ಟಿಗೇ ಮಾಡಿಸೋಣ.