ಬುಕ್ಕರಾಯನ ಶಾಸನದ 'ಪೂರ್ವಮರಿಯಾದೆ': ಗೌರವವೋ, ರೂಢಿಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನವನ್ನು ಹೈಸ್ಕೂಲ್ ಮಕ್ಕಳಿಗಾಗಿ ಇವತ್ತಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕಲ್ಲು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ರಾಯ ಕೊಟ್ಟ ತೀರ್ಪು ಅದರಲ್ಲಿದೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

'ಭಕ್ತರು' ಅಂದರೆ ಇಲ್ಲಿ ಶ್ರೀವೈಷ್ಣವರು, 'ಭವ್ಯಜನ' ಅಂದರೆ ಜೈನರು. ಇದರಲ್ಲಿ ತೊಡಕಿಲ್ಲ. ಆದರೆ ಶಾಸನ 'ಜೈನರಿಗೂ ಭಕ್ತರಿಗೂ ಸಂವಾದವಾದಲ್ಲಿ' ಎನ್ನುತ್ತದೆ. ಸಂವಾದ ಅಂತಲೇ ಬಿಟ್ಟರೆ ಎರಡೂ ಕಡೆಯವರು ಕೂತು ಚರ್ಚೆ ಮಾಡಿದರು ಅಂತ ಮಕ್ಕಳು ತಿಳಿಯುತ್ತಾರೆ. ಮುಂದಿನ ಮಾತೇ ಬೇರೆ: ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ಭಕ್ತರು ಮಾಡುವ 'ಅನ್ಯಾಯಂಗಳನು' ರಾಯನಿಗೆ ಬಿನ್ನವಿಸಿಕೊಂಡರು ಅಂತ. ಹಾಗಾಗಿ ವ್ಯಾಜ್ಯ ಅಂತ ಬರೆದಿದ್ದೇನೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿರುವುದು 'ಮರಿಯಾದೆ'. ರಾಯನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, 'ಪೂರ್ವಮರಿಯಾದೆ'ಯಂತೆ ಪಂಚಮಹಾವಾದ್ಯ (ಐದು ಬಗೆಯ ಮಂಗಳವಾದ್ಯ) ಮತ್ತು ಕಳಶ ಜೈನರಿಗೆ ಸಲ್ಲತಕ್ಕದ್ದು ಎನ್ನುತ್ತಾನೆ. ಇದನ್ನು 'ಹಿಂದಿನ ಗೌರವ' ಅಂತ ಬರೆದರೆ ರಾಜ ಸುಮ್ನೆ ಮನಸ್ಸು ಮಾಡಿ ಏನೋ ದಯಪಾಲಿಸಿದ ಹಾಗೆ ಕೇಳುತ್ತದೆ. 'ಹಿಂದಿನಿಂದ ನಡೆದು ಬಂದ ರೂಢಿ' ಅಂದರೆ ಅದು ಜೈನರ ಹಕ್ಕು, ರಾಜ ಅದನ್ನು ಎತ್ತಿಹಿಡಿದ ಅಂತ ಆಗುತ್ತದೆ. ಮೆರವಣಿಗೆಯಲ್ಲಿ ಯಾರ ವಾದ್ಯ ಮೊಳಗಬೇಕು, ಯಾರು ಕಳಶ ಹಿಡಿಯಬೇಕು ಅನ್ನುವುದು ಆ ಕಾಲದಲ್ಲಿ ಊರಿನೊಳಗೆ ಯಾರ ಕೈ ಮೇಲು ಅನ್ನುವುದರ ಪ್ರಶ್ನೆಯೇ ಅಲ್ವಾ?

ನನ್ನ ಒಲವು ರೂಢಿಯ ಕಡೆಗೆ. ಅದಕ್ಕೆ ಆಧಾರ ಅದೇ ಕಲ್ಲಿನಲ್ಲಿದೆ. ರಾಜ್ಯದ ಜೈನರು 'ಬಾಗಿಲುಗಟ್ಟಳೆ'ಯಾಗಿ ಮನೆಗೆ ವರ್ಷಕ್ಕೆ 1 ಹಣ (ಆ ಕಾಲದ ಒಂದು ನಾಣ್ಯ) ಕೊಡಬೇಕು. ಆ ದುಡ್ಡಿನಲ್ಲಿ ವೈಷ್ಣವ ಗುರು ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕಿದ್ದರಲ್ಲಿ ಹಳೆಯ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇಷ್ಟು ಹೇಳಿ, 'ಯೀ ಮರಿಯಾದೆಯಲು' ವರ್ಷ ವರ್ಷವೂ ತಪ್ಪದೆ ಕೊಡಬೇಕು ಅಂತ ಬರುತ್ತದೆ. ಇಲ್ಲಿ ಗೌರವ ಅನ್ನುವ ಅರ್ಥ ಹೊಂದುವುದೇ ಇಲ್ಲ, 'ಈ ರೀತಿಯಲ್ಲಿ' ಅಂತಲೇ ಆಗಬೇಕು. (ದುಡ್ಡು ಜೈನರದು, ಕಾವಲಿನವರನ್ನು ನೇಮಿಸುವ ಅಧಿಕಾರ ವೈಷ್ಣವ ಗುರುವಿನದು. ತೀರ್ಪನ್ನು ಸೌಹಾರ್ದದ ಮಾದರಿ ಅಂತ ಹೊಗಳುವಾಗ ಈ ವಿವರವನ್ನೂ ಮಕ್ಕಳಿಗೆ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.)

ಇನ್ನೊಂದು ಕಡೆ, ಸಂಸ್ಕೃತದಲ್ಲಿ ಮರ್ಯಾದಾ ಅಂದರೆ ಎಲ್ಲೆ, ಗಡಿ. ಇಬ್ಬರ ನಡುವಿನ ಜಗಳ ತೀರಿಸುವಾಗ ಆ ಅರ್ಥವೂ ಹಿನ್ನೆಲೆಯಲ್ಲಿ ಇದ್ದಿರಬಹುದೇ? ಕೊನೆಯಲ್ಲಿ ಈ 'ಕಟ್ಟಳೆ'ಯನ್ನು ಮೀರಿದವನು ರಾಜದ್ರೋಹಿ ಎಂದಿದೆ. ಮರಿಯಾದೆ, ಕಟ್ಟಳೆ ಎರಡಕ್ಕೂ ನಾನು 'ಕಟ್ಟುಪಾಡು' ಅಂತ ಒಂದೇ ಪದ ಹಾಕಿದರೆ ಮೂಲದ ವ್ಯತ್ಯಾಸ ಅಳಿಸಿಹೋಗುತ್ತದೆ. ಸದ್ಯಕ್ಕೆ ಮೊದಲನೆಯದಕ್ಕೆ 'ವಾಡಿಕೆ', ಎರಡನೆಯದಕ್ಕೆ 'ಕಟ್ಟುಪಾಡು' ಅಂತ ಇಟ್ಟುಕೊಂಡಿದ್ದೇನೆ.

ಶಾಸನ ಓದುವವರು ಇದನ್ನು ಒಪ್ಪುತ್ತೀರಾ? ಜಾತ್ರೆಗಳಲ್ಲಿ 'ಮೊದಲ ಮರ್ಯಾದೆ' ಯಾರಿಗೆ ಅಂತ ಈಗಲೂ ತಕರಾರು ಆಗುತ್ತದಲ್ಲ, ನಿಮ್ಮ ಕಡೆ ಹಾಗೆ ಅನ್ನುವಾಗ ಜನರ ಮನಸ್ಸಿನಲ್ಲಿರುವುದು ಗೌರವವೋ, ಹಕ್ಕೋ? ಜೊತೆಗೆ, 'ಸಂವಾದ' ವ್ಯಾಜ್ಯದ ಅರ್ಥದಲ್ಲಿ ಬೇರೆ ಶಾಸನಗಳಲ್ಲಿ ಕಂಡಿದ್ದರೆ ದಯವಿಟ್ಟು ತಿಳಿಸಿ.